ಕತ್ತರಿ ಯಾರ ಕೈಯಲ್ಲಿದೆ?

(ಕಪನೂರಿನಲ್ಲಿ ಚಿತ್ರಪ್ರದರ್ಶನದ ಬಳಿಕ ಕಾರ್ಮಿಕರು ಮತ್ತು ಸಣ್ಣ ವರ್ತಕರ ಮುಂದೆ ಮಾಡಿದ ಭಾಷಣ)



ಈಗತಾನೆ ನಾವೆಲ್ಲರೂ ಒಟ್ಟಿಗೆ ಕುಳಿತು ಒಂದು ಮೂಕಿ ಚಿತ್ರ ನೋಡಿದೆವು. ರಶಿಯದ ಐಸೆನ್‌ಸ್ಟೈನ್ 1925ರಲ್ಲಿ ತೆಗೆದ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್'. ಚಿತ್ರ ಆರಂಭವಾದಾಗ ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. ಮಾತಿಲ್ಲ, ಹಾಡಿಲ್ಲ, ಇದೆಂಥ ಸಿನಿಮಾ ಎಂದು ಕೆಲವರು ಎದ್ದೂ ಹೋದರು. ಮಾಂಸದಲ್ಲಿ ಹುಳ ಹರಿದಾಡುವುದನ್ನು ಕಂಡ ಮೇಲೆ ನಗು ನಿಂತಿತು. ಹುಳ ಹಿಡಿದ ಆ ಮಾಂಸವನ್ನು ಹಡಗಿನ ಡಾಕ್ಟರು ಕನ್ನಡಕ ಹಿಡಿದು ನೋಡಿ, ತಿನ್ನಬಹುದೆಂದು ಅಪ್ಪಣೆ ಕೊಟ್ಟಾಗ ಒಬ್ಬ ಹಮಾಲರು "ಅವನಿಗೇ ಉಣ್ಣಸ್ರೀ ಮೊದಲು!" ಎಂದು ಕೂಗಿದರು. ಮೆಟ್ಟಿಲ ಮೇಲೆ ಕೂಸಿನ ಗಾಡಿ ತಾನಾಗಿ ಉರುಳತೊಡಗಿದಾಗ ಇಡೀ ಸಭೆ ಉಸಿರು ಬಿಗಿಹಿಡಿದಿತ್ತು.

ನೂರು ವರ್ಷ ಹಳೆಯದಾದ, ಪರದೇಶದ, ಮಾತಿಲ್ಲದ ಚಿತ್ರವೊಂದು ಕಪನೂರಿನ ಜನರನ್ನು ಹೀಗೆ ಹಿಡಿದು ಕೂರಿಸಿದ್ದು ಹೇಗೆ? ಚಿತ್ರ ಮುಗಿದ ಮೇಲೆ ನೀವು ಕೇಳಿದ ಮೂರು ಪ್ರಶ್ನೆಗಳಲ್ಲಿಯೇ ಇದರ ಗುಟ್ಟು ಇದೆ.

ಮೊದಲನೆಯದು: ನಾವಿಕ ತಟ್ಟೆಯನ್ನು ಒಂದೇ ಸಲ ಒಡೆದರೂ ಕೈ ಎರಡೆರಡು ಸಲ ಎತ್ತಿದ ಹಾಗೆ ಕಂಡಿತಲ್ಲ, ಯಾಕೆ? ನಿಮ್ಮ ಕಣ್ಣು ಮೋಸ ಹೋಗಿಲ್ಲ. ದಿನದ ರೊಟ್ಟಿಗಾಗಿ ಮಾಡುವ ಪ್ರಾರ್ಥನೆಯನ್ನು ಆ ತಟ್ಟೆಯ ಮೇಲೆ ಬರೆದಿತ್ತು. ಹಸಿದವನು ಅದನ್ನು ಓದಿ ಸಿಟ್ಟಿಗೇಳುತ್ತಾನೆ. ಆ ಒಂದೇ ಹೊಡೆತವನ್ನು ಬೇರೆ ಬೇರೆ ಕಡೆಯಿಂದ ಚಿತ್ರಿಸಿ, ತುಂಡುಗಳನ್ನು ಒಂದರ ಮೇಲೊಂದು ಹಾಯುವಂತೆ ಜೋಡಿಸಿದ್ದಾರೆ. ಕ್ಷಣಮಾತ್ರದ ಸಿಟ್ಟು ನಮ್ಮ ಕಣ್ಣಿಗೆ ದೊಡ್ಡದಾಗುತ್ತದೆ.

ಎರಡನೆಯದು: ಕಲ್ಲಿನ ಸಿಂಹ ಎದ್ದು ನಿಂತದ್ದು ಹೇಗೆ? ಸಿಂಹ ಏಳಲಿಲ್ಲ. ಅವು ಮೂರು ಬೇರೆ ಬೇರೆ ಕಲ್ಲಿನ ಸಿಂಹಗಳು: ಮಲಗಿದ್ದು ಒಂದು, ತಲೆ ಎತ್ತಿದ್ದು ಒಂದು, ಎದ್ದದ್ದು ಇನ್ನೊಂದು. ಅವಿರುವುದು ಒಡೆಸ್ಸಾದಲ್ಲಿಯೂ ಅಲ್ಲ, ದೂರದ ಕ್ರೈಮಿಯಾದ ಅಲುಪ್ಕಾ ಅರಮನೆಯಲ್ಲಿ. ಹಡಗಿನ ತೋಪು ಹಾರಿದ ಕೂಡಲೇ ಮೂರನ್ನೂ ಸರಸರನೆ ತೋರಿಸಿದರೆ ಕಲ್ಲೇ ರೊಚ್ಚಿಗೆದ್ದಂತಾಗುತ್ತದೆ. ಮಗ್ಗದ ಕೆಲಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ನೂಲಿನಲ್ಲಿ ಹೂವಿಲ್ಲ, ಹೊಕ್ಕಿನ ನೂಲಿನಲ್ಲಿಯೂ ಹೂವಿಲ್ಲ. ಎರಡೂ ಕೂಡಿದಾಗ ಸೀರೆಯ ಮೇಲೆ ಹೂವು ಮೂಡುತ್ತದೆ. ಈ ಜೋಡಣೆಯನ್ನೇ ಸಿನಿಮಾದವರು ಮೊಂಟಾಜ್ ಎನ್ನುತ್ತಾರೆ. ಕುಲೆಶೋವ್ ಎಂಬ ಇನ್ನೊಬ್ಬ ರಶಿಯನ್ನರು ಒಬ್ಬನೇ ನಟನ ಒಂದೇ ಮುಖಭಾವದ ಪಕ್ಕಕ್ಕೆ ಒಮ್ಮೆ ಸಾರಿನ ಬಟ್ಟಲನ್ನೂ ಇನ್ನೊಮ್ಮೆ ಶವಪೆಟ್ಟಿಗೆಯನ್ನೂ ಜೋಡಿಸಿ ತೋರಿಸಿದರಂತೆ. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು ಕಂಡಿತು, ಇನ್ನೊಮ್ಮೆ ದುಃಖ ಕಂಡಿತು. ಮುಖ ಬದಲಾಗಲಿಲ್ಲ. ಬದಲಾದದ್ದು ನೆರೆಯ ತುಂಡು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಗಟ್ಟಿಯಾದುದು. "ಮೆಟ್ಟಿಲ ಮ್ಯಾಲಿನ ಆ ಕೊಲೆ ಖರೇನ ಹಾಂಗ ಆಗಿಲ್ಲಂತಲ್ರೀ, ಮತ್ತ ನಾವು ಯಾಕ ಅಳಬೇಕು?" ಎಂದು ಬೇಳೆ ಮಿಲ್ಲಿನ ಒಬ್ಬ ತರುಣರು ಕೇಳಿದರು. ಇದಕ್ಕೆ ಹಾರಿಕೆಯ ಉತ್ತರ ಕೊಡಲಾಗದು. 1905ರ ಜೂನಿನಲ್ಲಿ ಪೊಟೆಮ್ಕಿನ್ ಹಡಗಿನ ನಾವಿಕರು ಕೆಟ್ಟ ಮಾಂಸದ ನಿಮಿತ್ತ ದಂಗೆಯೆದ್ದದ್ದು ನಿಜ. ಒಡೆಸ್ಸಾದ ಬಂದರಿನಲ್ಲಿ ಸೈನ್ಯದ ಗುಂಡಿಗೆ ಜನ ಸತ್ತದ್ದೂ ನಿಜ. ಎದುರು ಬಂದ ಹಡಗುಪಡೆ ಅವರ ಮೇಲೆ ಗುಂಡು ಹಾರಿಸಲಿಲ್ಲವೆಂಬುದೂ ನಿಜ. ಆದರೆ ಹಾಡುಹಗಲು ಆ ಮೆಟ್ಟಿಲುಗಳ ಮೇಲೆ ಸಾಲುಗಟ್ಟಿ ಇಳಿದ ಸಿಪಾಯಿಗಳು, ಆ ಕೂಸಿನ ಗಾಡಿ, ಇವು ನಿರ್ದೇಶಕನ ರಚನೆ. ಕೊನೆಗೆ ನಾವಿಕರು ರುಮೇನಿಯಾದಲ್ಲಿ ಹಡಗನ್ನು ಒಪ್ಪಿಸಿದರು. ಅದನ್ನು ಚಿತ್ರ ಹೇಳುವುದೇ ಇಲ್ಲ. ಗೆಲುವಿನ ಕ್ಷಣದಲ್ಲಿ ಕತ್ತರಿ ನಿಂತುಬಿಟ್ಟಿದೆ.

ಇದನ್ನು ನಾವು ಮುಚ್ಚಿಡಬಾರದು. ಈ ಚಿತ್ರದ ಶಕ್ತಿಯನ್ನು ಸರಕಾರಗಳು ನಮಗಿಂತ ಮೊದಲೇ ಅರಿತಿದ್ದವು. 1926ರಲ್ಲಿ ಜರ್ಮನಿಯಲ್ಲಿ ಮೊದಲು ನಿಷೇಧಿಸಿದರು, ಆಮೇಲೆ ಕತ್ತರಿಸಿ ಬಿಟ್ಟರು. ಸಿಪಾಯಿಗಳು ನೋಡಬಾರದೆಂದು ಸೇನೆ ಕಟ್ಟಪ್ಪಣೆ ಮಾಡಿತು. ಬ್ರಿಟನ್ನಿನಲ್ಲಿ 1954ರವರೆಗೆ ಸೆನ್ಸಾರಿನ ಒಪ್ಪಿಗೆ ಸಿಗಲಿಲ್ಲ. ಇದಕ್ಕಿಂತ ಜಾಣತನದ ಕೆಲಸವೊಂದನ್ನು ಬೇಲಾ ಬಲಾಜ್ ಎಂಬ ವಿಮರ್ಶಕರು ಬರೆದಿದ್ದಾರೆ. ಸ್ಕ್ಯಾಂಡಿನೇವಿಯಾ ಕಡೆಯ ವ್ಯಾಪಾರಿಗಳು ಹೊಸದಾಗಿ ಏನನ್ನೂ ಚಿತ್ರಿಸದೆ, ಇದ್ದ ತುಂಡುಗಳ ಕ್ರಮವನ್ನಷ್ಟೇ ಬದಲಿಸಿದರಂತೆ. ನಾವಿಕರ ಮೇಲೆ ತಾಡಪಾಲು ಹೊದಿಸಿ ಬಂದೂಕು ಗುರಿಯಿಡುವ ಆರಂಭದ ದೃಶ್ಯವನ್ನು ತೆಗೆದು ಕೊನೆಗೆ ಇಟ್ಟರಂತೆ. ಆಗ ಅನ್ಯಾಯದಿಂದ ಹುಟ್ಟಿದ ದಂಗೆಯ ಕಥೆ ಹೋಗಿ, ದಂಗೆಕೋರರಿಗೆ ತಕ್ಕ ಶಾಸ್ತಿಯಾದ ಕಥೆ ಆಯಿತು.

ವರ್ತಕ ಬಂಧುಗಳೇ, ಇದು ನಿಮಗೆ ತಿಳಿದ ಲೆಕ್ಕವೇ. ಖಾತೆಯ ಒಂದೊಂದು ಕಲಮೂ ಖರೆಯಿರಬಹುದು. ನಡುವಿನ ಒಂದು ಹಾಳೆ ಹರಿದರೆ ಇಡೀ ಖಾತೆ ಸುಳ್ಳು.

ನಮ್ಮದೇ ಅನುಭವವೊಂದನ್ನು ನೆನಪಿಸುತ್ತೇವೆ. ಕೂಲಿ ಬಾಕಿಗಾಗಿ ನಾವು ಒಂದು ಮಿಲ್ಲಿನ ಗೇಟಿನೆದುರು ಮುಂಜಾನೆಯಿಂದ ಬಿಸಿಲಲ್ಲಿ ಕುಳಿತಿದ್ದೆವು. ಯಾರೂ ಹೊರಗೆ ಬಂದು ಮಾತಾಡಲಿಲ್ಲ. ಇಳಿಹೊತ್ತಿಗೆ ಒಬ್ಬ ಹುಡುಗ ತಾಳ್ಮೆಗೆಟ್ಟು ಗೇಟಿಗೆ ಒದ್ದ. ಸಂಜೆಯ ಹೊತ್ತಿಗೆ ಎಲ್ಲರ ಮೊಬೈಲಿನಲ್ಲಿ ಆ ಒದೆತವೊಂದೇ ಓಡಾಡಿತು. ಬಿಸಿಲಿಲ್ಲ, ಕಾಯ್ದದ್ದಿಲ್ಲ, ಬಾಕಿ ಕೂಲಿಯಿಲ್ಲ. ಅಂಗಡಿಗಳ ಬಾಗಿಲು ಬಿದ್ದವು. ನಮ್ಮ ಮನೆಗಳಿಗೆ ಉದ್ರಿ ನಿಂತಿತು. ಇಂದು ಈ ಸಭೆಯಲ್ಲಿ ಒಬ್ಬ ಕಿರಾಣಿ ಅಂಗಡಿಯವರು ಎದ್ದು "ಅವತ್ತ ನಾನೂ ಬಾಗಲಾ ಹಾಕಿದ್ದೆ, ಅದರ ಹಿಂದಿಂದು ನನಗ ಗೊತ್ತಿದ್ದಿಲ್ಲ" ಎಂದರು. ಆ ಮಾತಿಗೆ ನಾವು ಋಣಿಗಳು. ಚಿತ್ರದಲ್ಲಿ ಸುಳ್ಳಿರಲಿಲ್ಲ, ಒದ್ದದ್ದು ನಿಜ. ಕತ್ತರಿಸಿದ ಜಾಗದಲ್ಲಿ ಸುಳ್ಳಿತ್ತು.

ಹಾಗಾದರೆ ಆ ತರುಣರಿಗೆ ನಮ್ಮ ಉತ್ತರವೇನು? ಅತ್ತದ್ದು ತಪ್ಪಲ್ಲ. ಬಯಲಾಟದಲ್ಲಿ ಅಭಿಮನ್ಯು ಬಿದ್ದಾಗ ನಮ್ಮ ಹಿರಿಯರು ಅತ್ತರು. ಪಾತ್ರಧಾರಿ ಮರುದಿನ ಹೊಲಕ್ಕೆ ಹೋಗುವನೆಂದು ಅವರಿಗೆ ತಿಳಿದಿತ್ತು. ಆಟವನ್ನು ಆಟವೆಂದು ತಿಳಿದು ಅಳುವುದು ಬೇರೆ. ಆಟವನ್ನು ಸಾಕ್ಷಿಯೆಂದು ನಂಬಿ ಕಲ್ಲು ಎತ್ತುವುದು ಬೇರೆ. ಮೆಟ್ಟಿಲ ದೃಶ್ಯ ಅನ್ಯಾಯದ ರೂಪವನ್ನು ತೋರಿಸುತ್ತದೆ, ಪಂಚನಾಮೆ ಬರೆಯುವುದಿಲ್ಲ.

ಈ ಮಾತು ಎದುರಾಳಿಯ ಕತ್ತರಿಗಷ್ಟೇ ಅಲ್ಲ, ನಮ್ಮ ಕತ್ತರಿಗೂ ಸಲ್ಲುತ್ತದೆ. ಹಿಂದೆ ಸಿನಿಮಾ ಕತ್ತರಿಸುವ ಮೇಜು ಕೆಲವೇ ಜನರ ಕೈಯಲ್ಲಿತ್ತು. ಇಂದು ಪ್ರತಿಯೊಬ್ಬರ ಕಿಸೆಯಲ್ಲಿದೆ. ಮುಂದಿನ ಸಲ ಗೇಟಿನೆದುರು ಕುಳಿತರೆ ಮುಂಜಾನೆಯಿಂದಲೇ ಚಿತ್ರಿಸೋಣ. ನಮ್ಮವನು ಒದ್ದರೆ ಅದನ್ನೂ ಬಿಡದೆ ತೋರಿಸೋಣ. ಅದಕ್ಕೆ ಮುಂಚೆ ಏನಾಯಿತೆಂಬುದನ್ನೂ ತೋರಿಸೋಣ. ಯಾವ ಚಿತ್ರ ಕೈಗೆ ಬಂದರೂ ಅಂಗಡಿಯ ಬಾಗಿಲು ಹಾಕುವ ಮುನ್ನ ಒಂದು ಮಾತು ಕೇಳೋಣ: ಇದರ ಹಿಂದಿನ ತುಂಡು ಎಲ್ಲಿ?