ಉರುಳಿದ್ದೇ ಬೇರೆ, ಹೊರಳಿದ್ದೇ ಬೇರೆ

ಶಾಲೆಯಲ್ಲಿ ಸಮಾನಾರ್ಥಕ ಪದ ಬರೆಯಿರಿ ಎಂದಾಗ ಉರುಳು, ಹೊರಳು ಎರಡನ್ನೂ ಒಂದೇ ಗೆರೆಯಲ್ಲಿ ಬರೆದು ಅಂಕ ಗಿಟ್ಟಿಸಿಕೊಂಡವರು ನಾವೆಲ್ಲ. ಅಂಕ ಕೊಟ್ಟ ಮೇಷ್ಟ್ರನ್ನು ದೂರುವಂತಿಲ್ಲ. ಆದರೆ ಮಾತಿನಲ್ಲಿ ಇವನ್ನು ಅದಲುಬದಲು ಮಾಡಿ ನೋಡಿ. ವರ್ಷಗಳು ಉರುಳುತ್ತವೆ, ಸರ್ಕಾರ ಉರುಳುತ್ತದೆ, ಗಾಳಿಮಳೆಗೆ ಮರ ಉರುಳುತ್ತದೆ. ಇವು ಯಾವುವೂ ಹೊರಳುವುದಿಲ್ಲ. ಎಮ್ಮೆ ಕೆಸರಿನಲ್ಲಿ ಹೊರಳುತ್ತದೆ, ಕತ್ತೆ ಬೂದಿಯಲ್ಲಿ ಹೊರಳುತ್ತದೆ. ಎಮ್ಮೆ ಉರುಳಿತು ಅಂದರೆ ಕೇಳಿದವರು ಗಾಬರಿಯಾಗಿ ಎದ್ದು ಓಡುತ್ತಾರೆ, ಹಳ್ಳಕ್ಕೇ ಬಿತ್ತೇನೋ ಅಂತ!

ಉರುಳಿದ್ದು ನೆಲೆ ತಪ್ಪುತ್ತದೆ. ಹೊರಳಿದ್ದಕ್ಕೆ ಮಗ್ಗುಲು ಬದಲಾಗುತ್ತದೆ, ಅಷ್ಟೆ. ಧಾರವಾಡದ ಕಡೆ ‘ಹೊಳ್ಳಿ ನೋಡು’ ಅನ್ನುವಾಗ ಇರುವುದೂ ಇದೇ ಹೊರಳು. ಕಷ್ಟದ ಶಬ್ದಕ್ಕೆ ನಾಲಿಗೆ ಹೊರಳುವುದಿಲ್ಲ ಎನ್ನುತ್ತೇವಲ್ಲ, ಅಲ್ಲಿಯೂ ನಾಲಿಗೆ ಬಾಯಿ ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲ. ಹಳಗನ್ನಡದ ಪೊರಳ್, ತಮಿಳಿನ ಪುರಳ್ ಇದರ ಬಳಗದವು. ಉರುಳ್ ತಮಿಳಿನಲ್ಲೂ ಬೇರೆಯಾಗಿಯೇ ಇದೆ. ಈ ಜೋಡಿ ನಿನ್ನೆ ಮೊನ್ನೆಯದಲ್ಲ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಹೊತ್ತಿಗೆ ಭಕ್ತರು ಕುಮಾರಧಾರೆಯಲ್ಲಿ ಮಿಂದು, ಒದ್ದೆ ಮೈಯಲ್ಲೇ ಬೀದಿಗುಂಟ ದೇವಸ್ಥಾನದವರೆಗೆ ಸಾಗುತ್ತಾರೆ. ಅದು ಉರುಳು ಸೇವೆ. ಮೈ ಹೊರಳುತ್ತದೆ ನಿಜ, ಆದರೆ ದಾರಿ ಸವೆಯುತ್ತದೆ, ಗುಡಿ ಹತ್ತಿರವಾಗುತ್ತದೆ. ಹೆಸರಿಟ್ಟವರ ಕಿವಿ ಚುರುಕಾಗಿತ್ತು.

ಇನ್ನು ‘ಆಡು’. ಕನ್ನಡದ ಈ ಪುಟ್ಟ ಬಾಲದಷ್ಟು ಕಿಲಾಡಿ ಇನ್ನೊಂದಿಲ್ಲ. ಓಡು ಅಂದರೆ ವೇಗ. ಅದಕ್ಕೆ ಆಡು ಹತ್ತಿಸಿ, ಓಡಾಡು ಅನ್ನಿ, ವೇಗವೆಲ್ಲ ಇಳಿದುಹೋಯಿತು. ಮಂಡಿನೋವಿನ ಅಜ್ಜ ಕೋಲೂರಿಕೊಂಡು ಜಗಲಿಯ ಮೇಲೆ ಹೆಜ್ಜೆ ಹಾಕಿದರೂ ‘ಪರವಾಗಿಲ್ಲ, ಓಡಾಡ್ತಾರೆ’ ಎನ್ನುತ್ತೇವೆ. ಹುಡುಕಿದವನಿಗೆ ವಸ್ತು ಸಿಕ್ಕೀತು. ಹುಡುಕಾಡುವವನು ಇನ್ನೂ ಮಂಚದ ಕೆಳಗೆ, ಹಾಸಿಗೆಯ ಕೆಳಗೆ ಕೈಯಾಡಿಸುತ್ತಲೇ ಇದ್ದಾನೆ. ಆಡು ಸೇರಿದ ಕೂಡಲೇ ಕೆಲಸಕ್ಕೆ ಗುರಿ ತಪ್ಪಿ, ಅತ್ತಿಂದಿತ್ತ, ಮತ್ತೆ ಮತ್ತೆ ಎಂಬ ಗುಣ ಬಂದುಬಿಡುತ್ತದೆ. ನಿದ್ದೆಯಲ್ಲಿ ಮಗ್ಗುಲಾದವನು ಹೊರಳಿದ. ನಿದ್ದೆ ಬಾರದವನು ಹೊರಳಾಡಿದ. ಅವನ ಸಂಕಟ ಇರುವುದು ಆ ಬಾಲದಲ್ಲೇ.

ಒದ್ದಾಡು ಎಂಬುದನ್ನು ಬಿಡಿಸಿದರೆ ಒದ್ದು, ಆಡು. ಕಾಲು ಬಡಿಯದೆ ಒದ್ದಾಟವಿಲ್ಲ. ಬಲೆಯಿಂದ ದಡಕ್ಕೆ ಬಿದ್ದ ಮೀನಿಗೆ ಕಾಲಿಲ್ಲದಿದ್ದರೂ ಅದು ‘ವಿಲವಿಲ ಒದ್ದಾಡುತ್ತದೆ’. ಬಾಲ ಮೇಲೆದ್ದು ಮರಳಿಗೆ ಬಡಿಯುವುದು, ಹೊಟ್ಟೆಯ ಬಿಳಿ ಮಿಂಚಿ ಮರೆಯಾಗುವುದು, ಎಲ್ಲವೂ ಆ ವಿಲವಿಲದಲ್ಲಿದೆ. ತಿಂಗಳ ಕೊನೆಯಲ್ಲಿ ದುಡ್ಡಿಗಾಗಿ ನಾವು ಒದ್ದಾಡುವುದೂ ಇದೇ ಶಬ್ದದಿಂದ. ಚಡಪಡಿಸುವವನಿಗೆ ಇಷ್ಟು ಜಾಗವೂ ಬೇಡ: ಕುರ್ಚಿಯಲ್ಲಿ ಕೂತೇ ಗಡಿಯಾರ ನೋಡಿ, ಬೆರಳು ನೆಟಿಗೆ ಮುರಿದು ಚಡಪಡಿಸಬಹುದು. ತಳಮಳಕ್ಕಂತೂ ಮೈಯೇ ಅಲುಗಬೇಕಿಲ್ಲ.

ಪತ್ರಿಕೆಯವರು ಈ ಭೇದಗಳನ್ನು ತಕ್ಕಮಟ್ಟಿಗೆ ಕಾಪಾಡಿದ್ದಾರೆ. ಬಸ್ಸು ಕಂದಕಕ್ಕೆ ಉರುಳುತ್ತದೆ, ಲಾರಿ ಹೆದ್ದಾರಿಯಲ್ಲಿ ಪಲ್ಟಿಯಾಗುತ್ತದೆ, ದೋಣಿ ಮಗುಚುತ್ತದೆ. ಹೊರಗಿನಿಂದ ಬಂದ ಪಲ್ಟಿಯನ್ನು ಓಡಿಸಬೇಕೆನ್ನುವವರ ಪಕ್ಷ ನನ್ನದಲ್ಲ. ಆ ಲಾರಿಗೆ ಬೇರೆ ಶಬ್ದ ಒಪ್ಪುವುದಿಲ್ಲ. ಲಾಗ ಮಾತ್ರ ಬೇಕೆಂದೇ ಹಾಕುವಂಥದ್ದು. ತಿಪ್ಪರಲಾಗ ಹಾಕಿದರೂ ಆಗದ ಕೆಲಸಗಳು ಎಲ್ಲ ಕಚೇರಿಗಳಲ್ಲೂ ಇವೆ, ಅದಿರಲಿ.

ನನಗೆ ಬಹಳ ಇಷ್ಟವಾದದ್ದು ಎಳೆಗೂಸಿನ ಹೊರಳು. ಅಂಗಾತ ಮಲಗಿದ ಕೂಸು ಮೊದಲ ಸಲ ಹೊಟ್ಟೆಯ ಮೇಲಾದಾಗ ಒಂದು ಮನೆಯಲ್ಲಿ ‘ಬೋರಲು ಬಿತ್ತು’, ಇನ್ನೊಂದರಲ್ಲಿ ‘ಮಗುಚಿಕೊಂಡಿತು’, ಮತ್ತೊಂದರಲ್ಲಿ ‘ಕವುಚಿಕೊಂಡಿತು’. ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಪ್ರಶ್ನೋತ್ತರದ ಹೊತ್ತಿನಲ್ಲಿ ಊರಿನ ಹೆಸರಿನೊಂದಿಗೆ ಹೇಳಿ, ಬರೆದುಕೊಳ್ಳುತ್ತೇನೆ.