ಊದದಿದ್ದರೆ ಪಾರಾಗಬಹುದೇ?



ಶನಿವಾರ ರಾತ್ರಿ ಪೊಲೀಸರು ಗಾಡಿ ನಿಲ್ಲಿಸಿ ಯಂತ್ರಕ್ಕೆ ಊದಲು ಹೇಳುವುದು ಮಹಾನಗರಗಳಲ್ಲಿ ಹೊಸದೇನಲ್ಲ. "ಊದಲೇಬೇಡಿ, ಪುರಾವೆ ಇಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ" ಎಂಬ ಪುಕ್ಕಟೆ ಸಲಹೆಯೂ ಅಷ್ಟೇ ಹಳೆಯದು. ಅದನ್ನು ನಂಬಬಹುದೇ ಎಂಬುದನ್ನು ಇವತ್ತು ನೋಡೋಣ.

ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇಟ್ಟುಕೊಂಡು ವಾಹನ ಓಡಿಸುವುದು ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. 2019ರ ಸೆಪ್ಟೆಂಬರ್‌ಗೆ ಮೊದಲು ಈ ದಂಡ 2,000 ರೂಪಾಯಿವರೆಗೆ ಮಾತ್ರ ಇತ್ತು. ಮತ್ತೆ ಸಿಕ್ಕಿಬಿದ್ದರೆ ಸೆರೆವಾಸ ಎರಡು ವರ್ಷದವರೆಗೂ ಹೋಗಬಹುದು. ಹೆಲ್ಮೆಟ್ ಇಲ್ಲದ ತಪ್ಪಿನಂತೆ ರಸ್ತೆಯಲ್ಲೇ ಹಣ ಕಟ್ಟಿ ಮುಗಿಸುವಂತಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು.

ಇನ್ನು ಆ ಸಲಹೆಯ ಮಾತು. ಅದರಲ್ಲಿ ಒಂದಂಶ ನಿಜವಿದೆ. ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು, ನಡಿಗೆ ತಡವರಿಸುತ್ತಿತ್ತು ಎಂದ ಮಾತ್ರಕ್ಕೆ, ರಕ್ತ ಅಥವಾ ಮೂತ್ರ ಪರೀಕ್ಷೆ ಇಲ್ಲದೆ, ಚಾಲಕ ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದು ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 1971ರಲ್ಲೇ ಹೇಳಿತ್ತು. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ತಪಾಸಣೆ ಆಗದಿದ್ದರೆ ಬಿಡುಗಡೆ ಮಾಡಬೇಕೆಂದು ಈಗಿನ ಕಾಯ್ದೆಯೂ ಹೇಳುತ್ತದೆ. ಇವೆಲ್ಲ ಕುಡಿಯದವನು ಸುಮ್ಮನೆ ಸಿಕ್ಕಿಕೊಳ್ಳದಿರಲಿ ಎಂದು ಮಾಡಿದ ಏರ್ಪಾಡುಗಳು.

ಆದರೆ ಊದಲು ನಿರಾಕರಿಸಿದರೆ? ಕುಡಿದ ಅನುಮಾನವಿದ್ದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದು. ಸಕಾರಣವಿಲ್ಲದ ನಿರಾಕರಣೆಯನ್ನು ನ್ಯಾಯಾಲಯ ನಿಮ್ಮ ವಿರುದ್ಧದ ಸಂಗತಿಯೆಂದೇ ಎಣಿಸಬಹುದು. 2019ರ ತಿದ್ದುಪಡಿಯಿಂದ ಪ್ರಯೋಗಾಲಯದ ವರದಿಯೂ ಪುರಾವೆಯಾಗುತ್ತದೆ. ಯಂತ್ರದಿಂದ ತಪ್ಪಿಸಿಕೊಂಡವರನ್ನು ರಕ್ತಪರೀಕ್ಷೆ ಹಿಡಿಯುತ್ತದೆ.

ವಿಮೆಯ ಲೆಕ್ಕವೇ ಬೇರೆ. 2007ರಲ್ಲಿ ದೆಹಲಿಯ ಇಂಡಿಯಾ ಗೇಟ್ ಹತ್ತಿರ ಒಂದು ದುಬಾರಿ ಕಾರು ಅಪಘಾತದಲ್ಲಿ ಹಾಳಾಯಿತು. ಉಸಿರಿನ ಪರೀಕ್ಷೆಯೂ ಆಗಿರಲಿಲ್ಲ, ರಕ್ತಪರೀಕ್ಷೆಯೂ ಆಗಿರಲಿಲ್ಲ. ಆದರೂ 2021ರಲ್ಲಿ ಸುಪ್ರೀಂ ಕೋರ್ಟು, ಬೇರೆ ಸಂಗತಿಗಳಿಂದ ಕುಡಿದದ್ದು ಕಂಡುಬಂದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು ಎಂದಿತು. ಕ್ರಿಮಿನಲ್ ಕೇಸಿನಲ್ಲಿ ಬಚಾವಾದವರೂ ಕಾರಿನ ಪೂರ್ತಿ ನಷ್ಟ ಹೊರಬೇಕಾಗಬಹುದು.

ಪ್ರಾಣಹಾನಿಯಾದರಂತೂ 185ನೇ ಕಲಂ ಸಣ್ಣ ಮಾತಾಗಿಬಿಡುತ್ತದೆ. 2006ರ ನವೆಂಬರ್ 12ರ ನಸುಕಿನಲ್ಲಿ ಮುಂಬೈ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಜನ ಸತ್ತರು, ಎಂಟು ಜನ ಗಾಯಗೊಂಡರು. ಚಾಲಕನ ರಕ್ತದಲ್ಲಿ ಮದ್ಯಸಾರ ಶೇಕಡಾ 0.112ರಷ್ಟಿತ್ತು. ಅಂದರೆ ಮಿತಿಯ ಮೂರೂವರೆ ಪಟ್ಟಿಗೂ ಮಿಕ್ಕಿ. ಕೆಳಗಿನ ನ್ಯಾಯಾಲಯ ನಿರ್ಲಕ್ಷ್ಯದ ಅಪರಾಧವೆಂದು ಆರು ತಿಂಗಳು ಕೊಟ್ಟಿತ್ತು. ಹೈಕೋರ್ಟು ಅದನ್ನು ಕೊಲೆಯಲ್ಲದ ನರಹತ್ಯೆಯೆಂದು ಪರಿಗಣಿಸಿ ಮೂರು ವರ್ಷ ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕುಡಿದು ಓಡಿಸಿದರೆ ಜೀವ ಹೋದೀತು ಎಂಬ ಅರಿವು ಚಾಲಕನಿಗೆ ಇದ್ದೇ ಇರುತ್ತದೆ ಎಂಬುದು ಇದರ ತಿರುಳು.

ಕೊನೆಯದಾಗಿ, ಚಾಲನೆಯೇ ಹೊಟ್ಟೆಪಾಡಾಗಿರುವ ನಮ್ಮವರಿಗೆ ಒಂದು ಮಾತು. ಲೈಸೆನ್ಸ್ ಅಮಾನತಾದರೆ ಮನೆಯ ಒಲೆಯೂ ತಣ್ಣಗಾಗುತ್ತದೆ. ಕುಡಿಯದೇ ಸಿಕ್ಕಿಕೊಂಡಿದ್ದರೆ ಬೇಗ ಮುಗಿಯಲೆಂದು ತಪ್ಪೊಪ್ಪಿಕೊಳ್ಳಬೇಡಿ. ಭಾಷೆ ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ. ಆರೋಪವೇನೆಂದು ತಿಳಿಸಿ ಹೇಳುವುದು ನ್ಯಾಯಾಲಯದ ಹೊಣೆ. ಯಂತ್ರದ ಚೀಟಿಯಲ್ಲಿರುವ ಅಂಕಿ, ಹೊತ್ತು ಎರಡನ್ನೂ ನೋಡಿಕೊಳ್ಳಿ. ಅನುಮಾನವಿದ್ದರೆ ರಕ್ತಪರೀಕ್ಷೆ ಕೇಳಿ. ಬಡವರಿಗೆ, ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಕುಡಿದವರಿಗೆ ಹೇಳುವ ಕಾನೂನು ಸಲಹೆ ಇಷ್ಟೇ: ಕೀಲಿಕೈ ಬೇರೆಯವರ ಕೈಗೆ ಕೊಡಿ, ಇಲ್ಲವೇ ಟ್ಯಾಕ್ಸಿ ಹಿಡಿಯಿರಿ. ಯಾವ ವಕೀಲರ ಫೀಜಿಗಿಂತಲೂ ಅದು ಅಗ್ಗ.