ಎಕ್ಕದ ಹಾಲು ಕಸವೇ?

ರಥಸಪ್ತಮಿಯ ಬೆಳಿಗ್ಗೆ ತಲೆಯ ಮೇಲೆ, ಭುಜದ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡಿದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಎಲೆ ಕೀಳುವಾಗ ಹಾಲು ಕಣ್ಣಿಗೆ ತಾಗೀತು, ಜೋಪಾನ ಎಂದು ಮನೆಯ ಹಿರಿಯರು ಎಚ್ಚರಿಸಿದ್ದೂ ನೆನಪಿರಬೇಕು. ಸಸ್ಯ ಮತ್ತು ಪ್ರಾಣಿಗಳ ರಾಸಾಯನಿಕ ರಕ್ಷಣೆ ಎಂಬ ವಿಷಯ ಕೊಟ್ಟಿದ್ದೀರಿ. ನಾನು ಆ ಹಾಲಿನ ಹತ್ತಿರವೇ ನಿಲ್ಲುತ್ತೇನೆ. ಅದರ ಸುತ್ತ ಒಂದು ಹಳೆಯ ತಕರಾರಿದೆ: ಗಿಡದೊಳಗಿನ ವಿಷ ಗಿಡದ ಕಸವೋ, ಕಾವಲೋ?

ಕಸ ಎನ್ನುವ ಪಕ್ಷ ಬಹುಕಾಲ ಗೆದ್ದಿತ್ತು. 1888ರಲ್ಲೇ ಜರ್ಮನಿಯ ಅರ್ನ್ಸ್ಟ್ ಸ್ಟಾಲ್ ಬಸವನಹುಳುಗಳಿಗೆ ಎಲೆ ತಿನ್ನಿಸಿ ನೋಡಿ, ಗಿಡದ ರಾಸಾಯನಿಕಗಳು ರಕ್ಷಣೆಗಾಗಿ ಇವೆ ಎಂದಿದ್ದರು. ಅವರ ಮಾತನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1959ರಲ್ಲಿ ಗಾಟ್‌ಫ್ರೀಡ್ ಫ್ರೆಂಕೆಲ್ ಅದೇ ವಾದವನ್ನು ಹೊಸದಾಗಿ ಎತ್ತಿದ ಮೇಲೆ ಗಾಳಿ ತಿರುಗಿತು. ಇತಿಹಾಸ ಇಷ್ಟು ಸಾಕು.

ನಮಗೆ ಸಸ್ಯಶಾಸ್ತ್ರ ಹೇಳಿದ ಮೇಷ್ಟ್ರು ಕಸದ ಪಕ್ಷದವರು. ಗಿಡಕ್ಕೆ ಮೂತ್ರಪಿಂಡ ಇಲ್ಲ, ಬೇಡವಾದದ್ದನ್ನು ಮೈಯಲ್ಲೇ ಕೂಡಿಡುತ್ತದೆ ಎನ್ನುತ್ತಿದ್ದರು. ಆದರೆ ಅವರು ಪಾಠ ಮಾಡುತ್ತಿದ್ದದ್ದು ಹಲಗೆಯ ಮುಂದಲ್ಲ, ಬೇಲಿಯ ಪಕ್ಕ. ಎಕ್ಕದ ಎಲೆಯ ಮೇಲೆ ಹುಳು ಕಂಡರೆ ಮಾತು ನಿಲ್ಲಿಸಿಬಿಡುವರು, ನಾವೂ ಬಗ್ಗಿ ನೋಡಬೇಕು. ಅವರ ತೀರ್ಮಾನವನ್ನು ನಾನು ಒಪ್ಪದಿರುವುದಕ್ಕೆ ಅವರು ಕಲಿಸಿದ ಆ ನೋಟವೇ ಕಾರಣ.

ಅಲ್ಲಿ ಕಾಣುತ್ತಿದ್ದದ್ದು ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು. ಮೈತುಂಬ ಬಿಳಿ, ಕಪ್ಪು, ಹಳದಿ ಪಟ್ಟೆ. ಬೆನ್ನಿನ ಮೇಲೆ ಮೂರು ಜೊತೆ ಕರಿಯ ಎಳೆಗಳು. ಅದು ನೇರವಾಗಿ ಎಲೆಗೆ ಬಾಯಿ ಹಾಕುವುದಿಲ್ಲ. ಮೊದಲು ನಡುನರವನ್ನು ಕಚ್ಚುತ್ತದೆ. ಹಾಲು ಉಕ್ಕಿ ಸೋರುತ್ತದೆ. ಗಿಡದ ನಾಳಗಳಲ್ಲಿ ಹಾಲು ಒತ್ತಡದಲ್ಲಿರುತ್ತದೆ, ತೂತಾದ ಕಡೆ ನುಗ್ಗುತ್ತದೆ, ಗಾಳಿ ತಾಗಿದರೆ ಅಂಟಾಗುತ್ತದೆ. ಸಣ್ಣ ಹುಳುವಿನ ಬಾಯಿ ಮೆತ್ತಿಕೊಂಡರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಇದು ನರ ಕಡಿದು, ಹಾಲಿನ ಹರಿವು ಕುಗ್ಗಿದ ಮೇಲೆ, ಗಾಯದಿಂದಾಚೆಯ ತುದಿಯ ಭಾಗವನ್ನು ತಿನ್ನುತ್ತದೆ. 1987ರಲ್ಲಿ ಡೇವಿಡ್ ಡುಸೂರ್ ಮತ್ತು ಥಾಮಸ್ ಐಸ್ನರ್ ಇಂಥ ನರ ಕಡಿಯುವ ಹುಳುಗಳ ಬಗ್ಗೆ ಬರೆದರು. ಹಾಗೆ ಕಡಿದ ಎಲೆಯ ತುದಿ, ಹಾಲಿನ ಗಿಡಕ್ಕೆ ಒಗ್ಗದ ಬೇರೆ ಹುಳುವಿಗೂ ರುಚಿಸಿತಂತೆ. ಬರೀ ಕಸವಾಗಿದ್ದರೆ ಹುಳು ಇಷ್ಟು ಕಷ್ಟಪಡಬೇಕಿತ್ತೇ?

ಅಂಟು ಒಂದೇ ಅಲ್ಲ, ಹಾಲಿನಲ್ಲಿ ಕಾರ್ಡಿನೊಲೈಡ್ ಎಂಬ ವಿಷವೂ ಇದೆ. ಪ್ರಾಣಿಗಳ ಜೀವಕೋಶದಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಸಾಗಿಸುವ ಪಂಪನ್ನು ಅದು ಹಿಡಿದು ನಿಲ್ಲಿಸುತ್ತದೆ. ಹೃದಯ ತಾಳ ತಪ್ಪುತ್ತದೆ. ಅಮೆರಿಕದ ಮೊನಾರ್ಕ್ ಚಿಟ್ಟೆ ನಮ್ಮ ಪ್ಲೇನ್ ಟೈಗರ್‌ನ ದಾಯಾದಿ. ಅದರ ಪಂಪಿನ ಅಮೈನೊ ಆಮ್ಲಗಳು ಬದಲಾಗಿವೆ, ವಿಷ ಕೂರುವುದಕ್ಕೆ ಸರಿಯಾದ ಜಾಗವಿಲ್ಲ. 2019ರಲ್ಲಿ ಮೂರು ಜಾಗಗಳಲ್ಲಿ ಅದೇ ಬದಲಾವಣೆಯನ್ನು ಹಣ್ಣುನೊಣಕ್ಕೆ ಮಾಡಿದಾಗ ನೊಣವೂ ವಿಷವನ್ನು ತಡೆದುಕೊಂಡಿತು. ಗಿಡದ ಆಯುಧ ಪ್ರಾಣಿಯ ಗುರಾಣಿಯಾಗುವುದು ಇಲ್ಲಿಂದಲೇ. ವಿಷದ ಗಿಡ ತಿಂದು ಬೆಳೆದ ಮೊನಾರ್ಕನ್ನು ನುಂಗಿದ ನೀಲಿ ಜೇ ಹಕ್ಕಿ ವಾಂತಿ ಮಾಡಿಕೊಂಡಿತು. ಕೋಸಿನ ಎಲೆ ತಿನ್ನಿಸಿ ಬೆಳೆಸಿದ ಮೊನಾರ್ಕನ್ನು ನುಂಗಿ ಅರಗಿಸಿಕೊಂಡಿತು. 1960ರ ದಶಕದಲ್ಲಿ ಲಿಂಕನ್ ಬ್ರೋವರ್ ತೋರಿಸಿದ ಸಂಗತಿ ಇದು.

ಆದರೂ ಕಸದ ಪಕ್ಷದವರು ಕೇಳಬಹುದು: ಹುಳುವಿಗೆ ಉಪಯೋಗವಾಯಿತು, ಗಿಡಕ್ಕೇನಾಯಿತು? ಅದಕ್ಕೆ ನನ್ನ ಉತ್ತರ ಎಕ್ಕದಿಂದಲ್ಲ, ಹೊಗೆಸೊಪ್ಪಿನಿಂದ. ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಇಲ್ಲಿದ್ದರೆ ಗಮನಿಸಿ: ನಿಕೋಟಿನ್ ತಯಾರಾಗುವುದು ಬೇರಿನಲ್ಲಿ, ಎಲೆಗೆ ಏರುವುದು ಆಮೇಲೆ. ಎಲೆಗೆ ಹುಳುವಿನ ಬಾಯಿ ತಾಗಿದರೆ ತಯಾರಿಕೆ ಹೆಚ್ಚುತ್ತದೆ. ಯಾವ ಕಸ ಏಟು ಬಿದ್ದಾಗ ಹೆಚ್ಚುತ್ತದೆ ಹೇಳಿ! 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯೂಟಾದ ಕಾಡುಹೊಗೆಸೊಪ್ಪಿನ ಜೀನನ್ನು ಅಡಗಿಸಿ, ನಿಕೋಟಿನ್ ಕೊರತೆಯ ಗಿಡಗಳನ್ನು ಬಯಲಿನಲ್ಲಿ ನೆಟ್ಟರು. ಅವು ಕಳೆದುಕೊಂಡ ಎಲೆ ಮಾಮೂಲಿ ಗಿಡಗಳ ಮೂರು ಪಟ್ಟು. ಈ ಪ್ರಯೋಗ ಮೇಷ್ಟ್ರಿಗೆ ತಿಳಿದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಶಾಲೆಯ ಪುಸ್ತಕಗಳಲ್ಲಿ ಗೋಂದು, ರಾಳಗಳನ್ನು ಇವತ್ತಿಗೂ ತ್ಯಾಜ್ಯದ ಪಟ್ಟಿಗೆ ಸೇರಿಸುತ್ತಾರೆ. ಓದಿದಾಗಲೆಲ್ಲ ನೋವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಬಿಡಿಸಲಾಗದ ಪ್ರಶ್ನೆಗಳಿವೆ. ಎಕ್ಕಕ್ಕೆ ಸದಾ ಬಾಯಿ ಹಾಕುವ ಪ್ಲೇನ್ ಟೈಗರ್ ಹುಳು, ಹಳದಿ-ನೀಲಿ ಬಣ್ಣದ ಎಕ್ಕದ ಮಿಡತೆ, ಇವೆರಡೂ ಆ ವಿಷವನ್ನು ಗೆದ್ದವು. ಹಾಗಾದರೆ ಗಿಡ ಯಾರ ವಿರುದ್ಧ ಇಷ್ಟು ಹಾಲು ಕೂಡಿಡುತ್ತದೆ? ಬಾರದೆ ಉಳಿದ ನೂರಾರು ಹುಳುಗಳ ವಿರುದ್ಧ ಎನ್ನುತ್ತೇನೆ. ಆದರೆ ಬಾರದ ಶತ್ರುವನ್ನು ಸಾಕ್ಷಿಗೆ ಕರೆದರೆ ಯಾವ ವಾದವನ್ನು ತಾನೇ ಗೆಲ್ಲಲಾಗದು? ಹೊಗೆಸೊಪ್ಪಿನಲ್ಲಿ ಮಾಡಿದಂತೆ ಹಾಲಿಲ್ಲದ ಎಕ್ಕವನ್ನು ಬೆಳೆಸಿ ಬೇಲಿಯಲ್ಲಿ ನೆಟ್ಟು ನೋಡುವವರು ಯಾರು?

ಇನ್ನೊಂದು. ಕಣಗಿಲೆಯಲ್ಲಿಯೂ ಇದೇ ಜಾತಿಯ ವಿಷವಿದೆ. ಅದನ್ನು ಮೇಯುವ ಕಾಮನ್ ಕ್ರೋ ಚಿಟ್ಟೆ ಎಲೆಯ ಕಾರ್ಡಿನೊಲೈಡನ್ನು ಮೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕೈಗೆ ಬಂದ ಆಯುಧವನ್ನು ಒಂದು ಚಿಟ್ಟೆ ಕೂಡಿಡುತ್ತದೆ, ಅದರ ನೆಂಟ ಬಿಸಾಡುತ್ತದೆ. ಅದು ಬಿಸಾಡಿದ್ದನ್ನು ಏನೆಂದು ಕರೆಯೋಣ? ಕಸ ಎನ್ನಲು ನನ್ನ ನಾಲಿಗೆ ಏಳುತ್ತಿಲ್ಲ. ನಿಮಗೆ ಏನನಿಸುತ್ತದೆ?